ನಾಯಿಯಾದ ಅಣ್ಣನ ಮೈ ಕಾದ ಚಿತ್ರಲತೆ

ಬಹಳ ಬಹಳ ಹಿಂದೆ, ಬೆಟ್ಟಸಾಲಿನ ಆಚೆ, ಕುಮುದಗಿರಿ ಎಂಬ ರಾಜ್ಯವಿತ್ತು. ಸೋಮಭೂಪನೆಂಬ ರಾಜ ಅದನ್ನು ಆಳುತ್ತಿದ್ದ. ರಾಣಿ ತೀರಿಹೋಗಿದ್ದಳು. ಮಗ ಜಯಕೇತು, ಮಗಳು ಚಿತ್ರಲತೆ. ತಾಯಿಯಿಲ್ಲದ ತಂಗಿಯನ್ನು ಜಯಕೇತುವೇ ಹೆಗಲ ಮೇಲೆ ಹೊತ್ತು ಬೆಳೆಸಿದ್ದ.

ರಾಜ್ಯದ ಗಡಿಯ ಗುಹೆಯಲ್ಲಿ ಜಡೆಮಾರನೆಂಬ ಮಾಂತ್ರಿಕನಿದ್ದ. ಅವನು ಮನುಷ್ಯರನ್ನು ಪ್ರಾಣಿಗಳನ್ನಾಗಿ ಮಾಡುತ್ತಿದ್ದ. ಆ ಪ್ರಾಣಿಗಳ ಮೈಯಿಂದ ಉದುರಿದ ಕೂದಲನ್ನು ತನ್ನ ಕರಿಯ ಕಂಬಳಿಗೆ ಹೆಣೆದುಕೊಳ್ಳುತ್ತಿದ್ದ. ಅವನ ಜೀವ ಆ ಕಂಬಳಿಯಲ್ಲಿತ್ತು. ಮೈಮೇಲಿನ ಕೊನೆಯ ಕೂದಲು ಉದುರಿದೊಡನೆ ಆ ಪ್ರಾಣಿ ಕಲ್ಲಾಗಿ ಗುಹೆಯ ಮುಂದೆ ನಿಲ್ಲುತ್ತಿತ್ತು.

ಗಡಿಯ ಊರುಗಳಲ್ಲಿ ಜನ ಒಬ್ಬೊಬ್ಬರಾಗಿ ಕಾಣೆಯಾದರು. ಜಯಕೇತು ಕತ್ತಿ ಹಿಡಿದು ಹೊರಟ. ಚಿತ್ರಲತೆ ಹಟ ಮಾಡಿ ಹಿಂದೆಯೇ ಹೋದಳು. ಜಡೆಮಾರ ಒಂದು ಹಿಡಿ ಬೂದಿ ಎರಚಿದ. ಕತ್ತಿ ನೆಲಕ್ಕೆ ಬಿತ್ತು. ಅದರ ಪಕ್ಕದಲ್ಲಿ ಜೇನುಬಣ್ಣದ ಎಳೆಯ ನಾಯಿಯೊಂದು ನಡುಗುತ್ತ ನಿಂತಿತ್ತು.

"ನನ್ನ ಅಣ್ಣನನ್ನು ನನಗೆ ಕೊಡು!" ಎಂದು ಚಿತ್ರಲತೆ ಕೂಗಿದಳು.

ಜಡೆಮಾರ ನಕ್ಕ. "ಕರೆದುಕೊಂಡು ಹೋಗು. ಮೈಯ ಕೂದಲೆಲ್ಲ ಉದುರಿದರೆ ಅವನು ನನ್ನವನು. ಒಂದು ಗಾಯವಿಲ್ಲದೆ, ಒಂದು ಬೋಳು ಕಲೆಯಿಲ್ಲದೆ, ಮೈತುಂಬ ಕೂದಲಿಟ್ಟುಕೊಂಡು ಒಂದು ಚಳಿಗಾಲ ಕಳೆದರೆ ಅವನು ನಿನ್ನವನು. ಆಗ ನನ್ನ ಕಂಬಳಿಯೂ ಬಿಚ್ಚಿಹೋಗಲಿ. ಕೊಟ್ಟ ಮಾತನ್ನು ನಾನೂ ಮುರಿಯಲಾರೆ. ಆದರೆ ಇದುವರೆಗೆ ಯಾರೂ ಗೆದ್ದಿಲ್ಲ, ಹುಡುಗಿ."

ಅರಮನೆ ಮುಟ್ಟುವಷ್ಟರಲ್ಲಿ ನಾಯಿಯ ಮೈ ಕೆರೆದು ಕೆರೆದು ರಕ್ತವಾಗಿತ್ತು. ರಾಜ ಒಮ್ಮೆ ನೋಡಿ ಮುಖ ತಿರುಗಿಸಿದ. "ಇದು ನನ್ನ ಮಗ ಅಂತ ಹೇಳಬೇಡ ಮಗಳೇ. ನನ್ನಿಂದ ನೋಡಲಾಗದು."

"ನೀವು ನೋಡದಿದ್ದರೆ ನಾನು ನೋಡುತ್ತೇನೆ, ಅಪ್ಪಾಜಿ," ಎಂದಳು ಚಿತ್ರಲತೆ. ನಾಯಿಯನ್ನು ಎತ್ತಿಕೊಂಡು ಅರಮನೆಯ ಹಿಂದಿನ ಹೊಳೆಯ ಪಕ್ಕದ ಗುಡಿಸಲಿಗೆ ಹೋಗಿ ಅಲ್ಲೇ ಉಳಿದಳು.

ಜಡೆಮಾರ ಮೊದಲು ರಕ್ತ ಹೀರುವ ಉಣ್ಣೆಹುಳುಗಳನ್ನು ಕಳಿಸಿದ. ಅವು ಮೋಡದಂತೆ ಬಂದು ಮಳೆಯಂತೆ ಸುರಿದವು. ಕಿವಿಯ ಮಡಿಕೆಯಲ್ಲಿ, ಕಾಲ್ಬೆರಳುಗಳ ಸಂದಿಯಲ್ಲಿ ಕಚ್ಚಿಕೊಂಡು ಹುಣಸೆ ಬೀಜದಷ್ಟು ಉಬ್ಬಿದವು. ಚಿತ್ರಲತೆ ಒಂದೊಂದನ್ನೇ ಬುಡ ಹಿಡಿದು ಕಿತ್ತಳು. ಬೇವಿನ ಸೊಪ್ಪು ಕುದಿಸಿ ಆರಿಸಿದ ನೀರಿನಲ್ಲಿ ಮೀಯಿಸಿದಳು. ತೇವ ಉಳಿಯದಂತೆ ಒರೆಸಿದಳು.

"ಅಣ್ಣಾ, ಅಲುಗಾಡಬೇಡ. ಇನ್ನೊಂದೇ ಒಂದು," ಎನ್ನುತ್ತಿದ್ದಳು. ಇನ್ನೂ ಎಷ್ಟೋ ಇರುತ್ತಿದ್ದವು. ಅಣ್ಣಾ ಎಂದಾಗಲೆಲ್ಲ ನಾಯಿ ಕಿವಿ ನಿಮಿರಿಸಿ ಅವಳ ಮುಖ ನೋಡುತ್ತಿತ್ತು. ಹುಳುಗಳೆಲ್ಲ ಹೋಗುವ ಹೊತ್ತಿಗೆ ಕೆಲವು ವರ್ಷಗಳೇ ಕಳೆದಿದ್ದವು.

ಆಮೇಲೆ ಜಡೆಮಾರ ಕಜ್ಜಿಗಾಳಿ ಬೀಸಿದ. ಮೊಣಕೈ, ಹೊಟ್ಟೆ, ಕಣ್ಣಿನ ಸುತ್ತ ಕೂದಲು ಹಿಡಿಹಿಡಿಯಾಗಿ ಉದುರಿತು. ಉದುರಿದ್ದನ್ನೆಲ್ಲ ಗಾಳಿ ಗುಹೆಯತ್ತ ಒಯ್ದಿತು. ಚರ್ಮ ಆನೆಯ ಚರ್ಮದಂತೆ ದಪ್ಪಗಾಗಿ ಬಿರಿಯಿತು. ಚಿತ್ರಲತೆ ಹೊಂಗೆ ಎಣ್ಣೆಯಲ್ಲಿ ಗಂಧಕ ಕಲಸಿ ಹಚ್ಚಿದಳು. ನೆಕ್ಕಬಾರದೆಂದು ಎಣ್ಣೆ ಆರುವವರೆಗೆ ಅದರ ತಲೆಯನ್ನು ತೊಡೆಯ ಮೇಲೆ ಹಿಡಿದು ಕೂರುತ್ತಿದ್ದಳು.

ಒಂದು ದಿನ ಉರಿ ತಾಳಲಾರದೆ ನಾಯಿ ಅವಳ ಕೈಯನ್ನು ಬಲವಾಗಿ ಕಚ್ಚಿತು.

"ನಾನು ಕಣೋ ಅಣ್ಣಾ, ಚಿತ್ರೆ," ಎಂದಳು.

ನಾಯಿ ಗುರುಗುಟ್ಟಿತು. ಕಿವಿ ನಿಮಿರಲಿಲ್ಲ. ಅಣ್ಣಾ ಎಂಬ ಮಾತು ಅದಕ್ಕೆ ಮರೆತುಹೋಗಿತ್ತು. ಆ ದಿನ ಚಿತ್ರಲತೆ ಹೊಳೆಯ ದಂಡೆಯಲ್ಲಿ ಕೂತು ಅತ್ತಳು. ಅತ್ತು ಮುಗಿಸಿ, ಗಾಯಕ್ಕೆ ಬಟ್ಟೆ ಕಟ್ಟಿಕೊಂಡು, ಉಳಿದ ಎಣ್ಣೆಯನ್ನು ಹಚ್ಚಲು ಒಳಗೆ ಹೋದಳು.

ಇನ್ನೂ ಕೆಲವು ವರ್ಷ ಕಳೆದು, ನಿಧಾನವಾಗಿ ಚರ್ಮ ಮೆತ್ತಗಾಯಿತು. ಜೇನುಬಣ್ಣದ ಕೂದಲು ಮತ್ತೆ ಬಂದು ಬಿಸಿಲಿಗೆ ಮಿರುಗಿತು. ಇನ್ನೇನು ಚಳಿಗಾಲ ಬರಬೇಕು, ಜಡೆಮಾರ ಮೂರನೆಯ ಸಲ ಮುಳ್ಳುಬೀಜಗಳನ್ನು ತೂರಿದ. ಅವು ಕೂದಲಿಗೆ ಅಂಟಿ, ಕೂದಲು ಗಂಟುಗಂಟಾಗಿ, ಮೈಮೇಲೆ ಒಂದು ಚಾಪೆಯೇ ಆಯಿತು. ಎಷ್ಟು ಬಾಚಿದರೂ ಬಿಡಲಿಲ್ಲ. ಚಾಪೆಯ ಕೆಳಗೆ ಚರ್ಮ ಕೊಳೆಯುತ್ತಿತ್ತು. ನಾಯಿ ಊಟ ಬಿಟ್ಟಿತು.

ಕೂದಲು ತೆಗೆದರೆ ಅಣ್ಣ ಕಲ್ಲಾಗುತ್ತಾನೋ ಏನೋ. ತೆಗೆಯದಿದ್ದರೆ ಸಾಯುತ್ತಾನೆ. ಚಿತ್ರಲತೆ ಬಹಳ ಹೊತ್ತು ಕತ್ತರಿ ಹಿಡಿದು ಕೂತಳು. ಆಮೇಲೆ ಕಿವಿಯ ಹಿಂದಿನಿಂದ ಬಾಲದ ತುದಿಯವರೆಗೆ ಎಲ್ಲವನ್ನೂ ಕತ್ತರಿಸಿದಳು. ಕತ್ತರಿಸಿದ್ದನ್ನು ಒಲೆಗೆ ಹಾಕಿದಳು.

ಬಾಗಿಲಲ್ಲಿ ಜಡೆಮಾರ ನಿಂತಿದ್ದ. "ಮೈ ಬರಿದಾಯಿತು. ಕೊಡು, ಅವನು ನನ್ನವನು."

ಚಿತ್ರಲತೆ ನಾಯಿಗೆ ಅಡ್ಡ ನಿಂತಳು. "ಉದುರಿದರೆ ನಿನ್ನವನು ಅಂದೆ. ಇದು ಉದುರಿದ್ದಲ್ಲ, ನಾನು ಕತ್ತರಿಸಿದ್ದು. ಬುಡ ಎಲ್ಲ ಇದೆ, ನೋಡು. ನಿನ್ನ ಮಾತನ್ನು ನೀನೇ ಮುರಿಯುತ್ತೀಯಾ?"

ಜಡೆಮಾರ ಹಲ್ಲು ಕಡಿಯುತ್ತ ಹೊರಟುಹೋದ.

ಚಿತ್ರಲತೆ ಹುಣ್ಣುಗಳಿಗೆ ಅರಿಶಿನ ಹಚ್ಚಿದಳು. ತನ್ನ ಸೀರೆ ಹರಿದು ನಾಯಿಗೆ ಹೊದಿಸಿದಳು. ಹುಣ್ಣು ವಾಸಿಯಾಗಿ ಕೂದಲು ಪೂರ್ತಿ ಬರುವ ಹೊತ್ತಿಗೆ ಆ ಚಳಿಗಾಲ ಕಳೆದು ಮತ್ತೊಂದು ಬಂತು. ಈ ಸಲ ಮೈತುಂಬ ಕೂದಲಿತ್ತು, ಎಲ್ಲೂ ಗಾಯವಿರಲಿಲ್ಲ. ಆದರೆ ಮೂತಿ ಬೆಳ್ಳಗಾಗಿತ್ತು. ಕಣ್ಣಲ್ಲಿ ಪೊರೆ ಬಂದಿತ್ತು. ಏಳುವಾಗ ಹಿಂಗಾಲು ಸೋಲುತ್ತಿತ್ತು. ನಾಯಿಯ ಆಯುಸ್ಸು ಎಷ್ಟೆಂದು ಅವಳಿಗೆ ಆಗ ನೆನಪಾಯಿತು. "ವಸಂತದವರೆಗೆ ಇರು ಅಣ್ಣಾ," ಎಂದು ದಿನವೂ ಬೇಡಿಕೊಂಡಳು.

ನಾಯಿ ಇತ್ತು. ಚಳಿ ಮುಗಿದು ಮಾವು ಚಿಗುರಿದ ಬೆಳಿಗ್ಗೆ, ದೂರದ ಗುಹೆಯಲ್ಲಿ ಕರಿಯ ಕಂಬಳಿ ಎಳೆ ಎಳೆಯಾಗಿ ಬಿಚ್ಚಿಹೋಯಿತು. ಜಡೆಮಾರ ಒಂದು ಹಿಡಿ ಬೂದಿಯಾದ. ಗುಹೆಯ ಮುಂದಿನ ಕಲ್ಲುಗಳು ಕಣ್ಣು ಬಿಟ್ಟವು. ಗಂಡಸರು, ಹೆಂಗಸರು, ಮಕ್ಕಳು ಹೇಗೆ ಹೋಗಿದ್ದರೋ ಹಾಗೇ ಎದ್ದು ತಮ್ಮ ಊರುಗಳತ್ತ ಓಡಿದರು. ಕಲ್ಲಿಗೆ ವಯಸ್ಸಾಗುವುದಿಲ್ಲ.

ಗುಡಿಸಲಿನಲ್ಲಿ ನಾಯಿಯಿದ್ದ ಜಾಗದಲ್ಲಿ ಜಯಕೇತು ಮಲಗಿದ್ದ. ಬಿಳಿ ತಲೆ, ಬಿಳಿ ಗಡ್ಡ, ನಡುಗುವ ಕೈ.

"ಚಿತ್ರೇ," ಎಂದ.

ಸುದ್ದಿ ತಿಳಿದು ರಾಜ ಬರಿಗಾಲಲ್ಲಿ ಓಡಿಬಂದ. ಬಾಗಿಲಲ್ಲಿ ನಿಂತುಬಿಟ್ಟ. ಮಗ ತನಗಿಂತ ಮುದುಕನಾಗಿದ್ದ. ಈ ಸಲ ರಾಜ ಮುಖ ತಿರುಗಿಸಲಿಲ್ಲ. ನೆಲದ ಮೇಲೆ ಕೂತು, ಮಗನನ್ನು ತೊಡೆಗೆ ಎಳೆದುಕೊಂಡು, "ನಾನು ಬರಬೇಕಿತ್ತು ಕಂದಾ, ಆಗಲೇ ಬರಬೇಕಿತ್ತು," ಎಂದು ಬಿಕ್ಕಿದ.

ಚಿತ್ರಲತೆಗೆ ಒಂದು ಕೊರಗು ಉಳಿಯಿತು. ಒಂದು ದಿನ ಹೇಳಿಯೇಬಿಟ್ಟಳು. "ಅಣ್ಣಾ, ನಿನ್ನನ್ನೂ ಕಲ್ಲಾಗಲು ಬಿಟ್ಟಿದ್ದರೆ ನೀನೂ ಹರೆಯದವನಾಗಿಯೇ ಬರುತ್ತಿದ್ದೆ."

"ಆಗ ಬಿಡಿಸುವವರು ಯಾರಿದ್ದರು?" ಎಂದ ಜಯಕೇತು. ಅವಳ ಕೈ ಹಿಡಿದು ಹೇಳಿದ: "ನಿನ್ನ ಹೆಸರು ಮರೆತಿದ್ದೆ, ಚಿತ್ರೇ. ನನ್ನ ಹೆಸರೂ ಮರೆತಿದ್ದೆ. ಆದರೆ ಮೈ ಉರಿಯುವಾಗ ಒಂದು ಕೈ ಬರುತ್ತದೆ ಅಂತ ಗೊತ್ತಿತ್ತು. ಆ ಕೈಗೆ ಕಾಯುತ್ತಿದ್ದೆ."

ರಾಜ ಮಗಳಿಗೆ ಪಟ್ಟ ಕಟ್ಟಿದ. ಗಡಿಯ ಊರುಗಳಲ್ಲಿ ಮತ್ತೆ ಯಾರೂ ಕಾಣೆಯಾಗಲಿಲ್ಲ. ಹೋದವರು ಬಂದ ಮನೆಗಳಲ್ಲಿ ಮದುವೆಗಳಾದವು, ತೊಟ್ಟಿಲು ತೂಗಿದವು. ಜಯಕೇತು ಇನ್ನೆರಡು ವಸಂತ ಕಂಡು, ತಂದೆ ತಂಗಿಯರ ನಡುವೆ ಕಣ್ಣು ಮುಚ್ಚಿದ. ಅವನು ಇದ್ದಷ್ಟು ದಿನ ಆ ಮೂವರೂ ಒಂದೇ ಎಲೆಯಲ್ಲಿ ಉಂಡು ಸಂತೋಷವಾಗಿದ್ದರು.