ಹತ್ತು ಸಾವಿರ ಮುನ್ನೂರಾದದ್ದು ಹೇಗೆ?

ಅಜ್ಜಿಯ ಬೆರಳು ಬೈಬಲಿನ ಮೇಲೆ ಓಡುತ್ತಿತ್ತು, ಬಾಯಿಯೂ ಓಡುತ್ತಿತ್ತು. ಹಾಳೆ ಮಾತ್ರ ತಿರುಗಲೇ ಇಲ್ಲ.

ಪುಷ್ಪಾವತಿ ಕತ್ತು ಉದ್ದ ಮಾಡಿ ಇಣುಕಿದಳು. ಅಜ್ಜಿ ಹೇಳುತ್ತಿದ್ದದ್ದು ಗಿದ್ಯೋನನ ಯುದ್ಧದ ಕತೆ. ಬೆರಳು ಇದ್ದದ್ದು ಯಾರದೋ ಮಕ್ಕಳು ಮೊಮ್ಮಕ್ಕಳ ಹೆಸರಿನ ಪಟ್ಟಿಯ ಮೇಲೆ. ಐದನೇ ಕ್ಲಾಸಿನ ಹುಡುಗಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ತನ್ನ ಸಂಶಯ ನಿಜವೇ ಆಯಿತಲ್ಲ ಎಂದುಕೊಂಡಳು.

ಈ ಸಂಶಯ ಇವತ್ತಿನದಲ್ಲ. ಮನೆಮನೆಗೆ ಹೋಗಿ ಬೈಬಲ್ ಓದಿ ಹೇಳುವುದು ಮಾರ್ತಜ್ಜಿಗೆ ಊರಿನ ಕ್ರೈಸ್ತ ಸಭೆಯವರು ಕೊಟ್ಟ ಸಂಬಳದ ಕೆಲಸ. ಶಾಲೆಗೆ ರಜೆ ಇದ್ದರೆ ಪುಷ್ಪಳೂ ಜೊತೆಗೆ ಹೋಗಬೇಕು. ದಾರಿಯಲ್ಲಿ "ಬಿದ್ದೀಯೆ ಮಗಾ" ಎಂದು ಅಜ್ಜಿ ಅವಳ ಹೆಗಲು ಹಿಡಿಯುತ್ತಾಳೆ. ಎಡವುವುದು ಮಾತ್ರ ಅಜ್ಜಿಯೇ! ಅಕ್ಕಿಯ ಕಲ್ಲು ಆರಿಸುವ ಕೆಲಸವೂ ಈಗ ಪುಷ್ಪಳ ತಲೆಗೆ ಬಂದಿತ್ತು. ಸಾಲದ್ದಕ್ಕೆ ದಿನಾ ಸಂಜೆ ಒಂದು ಅಧ್ಯಾಯ ಗಟ್ಟಿಯಾಗಿ ಓದಬೇಕು. ಮಹಾಯುದ್ಧದ ಕಾಲ, ಸೀಮೆಎಣ್ಣೆಗೂ ರೇಶನ್. ಹಾಗಾಗಿ ಬೆಳಕಿರುವಾಗಲೇ, ಅಂದರೆ ಸರಿಯಾಗಿ ಆಟದ ಹೊತ್ತಿಗೇ ಓದಬೇಕು.

ಅಜ್ಜಿಗೆ ಸೋಮಾರಿತನ ಬಂದಿದೆ ಎಂದು ಮೊದಮೊದಲು ಪುಷ್ಪ ಅಂದುಕೊಂಡಳು. ಆಮೇಲೆ ಇನ್ನೂ ದೊಡ್ಡ ಸಂಶಯ ಹುಟ್ಟಿತು. ಅಜ್ಜಿಗೆ ಓದಲು ಬರುವುದೇ ಇಲ್ಲವೋ ಏನೋ? ಇಷ್ಟು ವರ್ಷ ಊರಿಗೆಲ್ಲ ಮಂಕುಬೂದಿ ಎರಚಿದಳೋ ಏನೋ? ಸುಳ್ಳು ಹೇಳಿದರೆ ತುಟಿಗೆ ಮೆಣಸು ತಿಕ್ಕುತ್ತೇನೆ ಎಂದು ಹೆದರಿಸುವವಳು ಇದೇ ಅಜ್ಜಿ! ನೆನೆದಷ್ಟೂ ಪುಷ್ಪಳಿಗೆ ಸಿಟ್ಟು ಬರುತ್ತಿತ್ತು.

ಇವತ್ತು ಅವರು ಬಂದದ್ದು ನಾಯ್ಮಾರ್ಮೂಲೆಯ ಅಮ್ಮು ಅಕ್ಕನ ಮನೆಗೆ. ಅಮ್ಮು ಅಕ್ಕ ಸಭೆಯವಳಲ್ಲ. ಬಾವಿಕಟ್ಟೆಯಲ್ಲಿ ಬಿದ್ದು ಸೊಂಟ ಮುರಿದ ಮೇಲೆ ಜಗಲಿಯ ಮಂಚವೇ ಅವಳ ಊರು. ಕತೆ ಎಂದರೆ ಪ್ರಾಣ, ಅದರಲ್ಲೂ ಯುದ್ಧದ ಕತೆಯೇ ಆಗಬೇಕು. ಎದುರಿನ ಬೆಂಚಿನಲ್ಲಿ ಸಭೆಯ ಪಾದ್ರಿ ಪ್ರೇಮನಾಥ ಅಯ್ಯನವರು ಕೂತಿದ್ದರು. ಅಜ್ಜಿ ಹೇಗೆ ಓದುತ್ತಾಳೆ ಎಂದು ಕೇಳಲು ಅವರು ವರ್ಷಕ್ಕೊಮ್ಮೆ ಬರುತ್ತಾರೆ. ಸರಿಯಾಗಿ ಓದಲಿಲ್ಲವೆಂದು ಕಳೆದ ವರ್ಷ ಒಬ್ಬರ ಕೆಲಸ ಹೋಗಿತ್ತು. ಅಜ್ಜಿಯ ಕೆಲಸ ಹೋದರೆ ಇವರಿಬ್ಬರ ಗಂಜಿಗೂ ಕಷ್ಟ.

ಅಜ್ಜಿ ರಾಗವಾಗಿ ಹೇಳುತ್ತಿದ್ದಳು. ಗಿದ್ಯೋನನ ಕಡೆ ಮೂವತ್ತೆರಡು ಸಾವಿರ ಮಂದಿ ಇದ್ದರು. ಇಷ್ಟು ಜನ ಬೇಡ, ಗೆದ್ದರೆ ತಮ್ಮ ಬಲದಿಂದಲೇ ಗೆದ್ದೆವು ಎಂದು ಮೆರೆಯುತ್ತಾರೆ, ಹೆದರುವವರು ಮನೆಗೆ ಹೋಗಲಿ ಎಂದ ದೇವರು. ಹತ್ತು ಸಾವಿರ ಜನ ಉಳಿದರು. ಆ ಮುನ್ನೂರು ಮಂದಿಯನ್ನು ಕರೆದುಕೊಂಡು ಗಿದ್ಯೋನ…

"ನಿಲ್ಲಿ ಮಾರ್ತಕ್ಕ," ಎಂದಳು ಅಮ್ಮು ಅಕ್ಕ. "ಹತ್ತು ಸಾವಿರ ಮುನ್ನೂರಾದದ್ದು ಹೇಗೆ? ಉಳಿದವರು ಎಂತ, ಗಾಳಿಗೆ ಹಾರಿ ಹೋದರಾ?"

ಪುಷ್ಪಳಿಗೆ ಥಟ್ಟನೆ ನೆನಪಾಯಿತು. ನಿನ್ನೆ ಸಂಜೆ ಅಂಗಳದಲ್ಲಿ ಗೆಳತಿಯರು ಕರೆಯುತ್ತಿದ್ದಾಗ ಅವಳು ನಡುವೆ ನಾಲ್ಕೈದು ವಾಕ್ಯ ಹಾರಿಸಿ ಓದಿದ್ದಳು. ಎಲ್ಲ ಓದಿದೆಯಾ ಎಂದು ಅಜ್ಜಿ ಕೇಳಿದಾಗ "ಹೂಂ, ಎಲ್ಲ" ಎಂದಿದ್ದಳು. ಅವಳು ಬಿಟ್ಟದ್ದನ್ನೇ ಈಗ ಅಜ್ಜಿಯೂ ಬಿಟ್ಟಿದ್ದಳು.

ಅಲ್ಲೇ ಉಂಟಲ್ಲ ಮಾರ್ತಮ್ಮ, ನೋಡಿ ಓದಿ ಎಂದರು ಅಯ್ಯನವರು. ಅಜ್ಜಿ ಬಗ್ಗಿದಳು. ಮೂಗು ಹಾಳೆಗೆ ತಾಗುವಷ್ಟು ಬಗ್ಗಿದಳು. ಆದರೂ ಬೆರಳು ಆ ಹೆಸರಿನ ಪಟ್ಟಿಯ ಮೇಲೆಯೇ ತಡಕಾಡಿತು. ಅಜ್ಜಿಗೆ ಓದಲು ಬಾರದ್ದಲ್ಲ, ಕಣ್ಣು ಕಾಣದ್ದು ಎಂದು ಪುಷ್ಪಳಿಗೆ ಆಗ ತಿಳಿಯಿತು. ಇಷ್ಟು ದಿನದ ಸಿಟ್ಟೆಲ್ಲ ಒಮ್ಮೆಲೇ ಇಳಿದು, ಅಳು ಬರುವ ಹಾಗಾಯಿತು.

ಬಾಯಿ ಬಿಟ್ಟರೆ ತನ್ನ ಸುಳ್ಳು ಹೊರಬೀಳುತ್ತದೆ, ಅಜ್ಜಿಯ ಗುಟ್ಟೂ ಹೊರಬೀಳುತ್ತದೆ. ಸುಮ್ಮನಿದ್ದರೆ ತಪ್ಪೆಲ್ಲ ಅಜ್ಜಿಯ ಮೇಲೆ.

"ಅದನ್ನು ಬಿಟ್ಟದ್ದು ನಾನು ಅಯ್ಯನವರೇ," ಎಂದಳು ಪುಷ್ಪ. "ನಿನ್ನೆ ಆಟಕ್ಕೆ ಅರ್ಜೆಂಟಾಗಿತ್ತು. ಎಲ್ಲ ಓದಿದೆ ಅಂತ ಅಜ್ಜಿಗೆ ಸುಳ್ಳು ಹೇಳಿದೆ."

ಅಯ್ಯನವರು ಒಮ್ಮೆ ಹುಡುಗಿಯನ್ನು ನೋಡಿದರು, ಒಮ್ಮೆ ಅಜ್ಜಿಯನ್ನು. ಅಜ್ಜಿ ಪುಸ್ತಕ ಮುಚ್ಚಿದಳು.

"ಕಣ್ಣಿಗೆ ಪೊರೆ ಬಂದು ಎರಡು ಮಳೆಗಾಲ ಆಯಿತು," ಎಂದಳು. "ಯೇಸುಸ್ವಾಮಿಯ ಸುವಾರ್ತೆಯೆಲ್ಲ ನನಗೆ ಬಾಯಿಪಾಠ. ಈ ಯುದ್ಧದ ಕತೆಯೆಲ್ಲ ಇವಳು ಓದಿದ್ದನ್ನು ಕೇಳಿಯೇ ಹೇಳುವುದು. ಕಣ್ಣು ಕೊಡು ಅಂತ ದೇವರನ್ನು ಕೇಳಿದೆ, ಕೊಡಲಿಲ್ಲ. ಆದರೆ ಒಮ್ಮೆ ಕೇಳಿದ್ದು ಮರೆಯದ ಹಾಗೆ ಮಾಡಿದ. ಈ ವಯಸ್ಸಿನ ತಲೆಗೆ ಸ್ವಂತ ಬಲದಿಂದ ಅಷ್ಟು ಹಿಡಿಯುವುದುಂಟಾ? ನಿಮ್ಮಿಂದ ಮುಚ್ಚಿಟ್ಟದ್ದು ಮಾತ್ರ ನನ್ನ ತಪ್ಪು."

ಅಯ್ಯನವರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಅಮ್ಮು ಅಕ್ಕ, ನಿಮ್ಮ ತೀರ್ಮಾನ ಆಮೇಲೆ ಆಗಲಿ, ಮೊದಲು ಆ ಮುನ್ನೂರು ಮಂದಿಯ ವಿಷಯ ತಿಳಿಯಲಿ ಎಂದಳು.

ಪುಷ್ಪ ಹಾಳೆ ಹುಡುಕಿ ಓದಿದಳು. ಹತ್ತು ಸಾವಿರ ಜನರನ್ನು ನೀರಿನ ಹತ್ತಿರ ಕರೆದುಕೊಂಡು ಹೋದದ್ದು, ಹೆಚ್ಚಿನವರು ಮೊಣಕಾಲೂರಿ ಕುಡಿದದ್ದು, ಮುನ್ನೂರು ಮಂದಿ ಮಾತ್ರ ಬೊಗಸೆಯಲ್ಲಿ ಎತ್ತಿ ನೆಕ್ಕಿದ್ದು, ಅವರಷ್ಟೇ ಸಾಕು ಎಂದು ದೇವರು ಹೇಳಿದ್ದು. ಅಜ್ಜಿ ಕಿವಿಗೊಟ್ಟು ಕೇಳಿದಳು. ಆಮೇಲೆ ಪುಸ್ತಕವಿಲ್ಲದೆಯೇ ಆ ಅಧ್ಯಾಯವನ್ನು ಮೊದಲಿನಿಂದ ಹೇಳಲು ಶುರುಮಾಡಿದಳು. ಅಯ್ಯನವರು ತಮ್ಮ ಚೀಲದಿಂದ ಬೈಬಲ್ ತೆಗೆದು ಸಾಲುಸಾಲಿಗೂ ಬೆರಳಿಡುತ್ತ ಹೋದರು. ಅಧ್ಯಾಯ ಮುಗಿಯುವವರೆಗೆ ಅವರ ಬೆರಳು ಎಲ್ಲೂ ತಡೆಯಲಿಲ್ಲ.

"ಮುಂದಿನ ತಿಂಗಳು ಎಂಟನೇ ಅಧ್ಯಾಯ ಕೇಳಲಿಕ್ಕೆ ಬರುತ್ತೇನೆ," ಎಂದರು ಅವರು, ಏಳುತ್ತ. "ಪುಸ್ತಕ ಇನ್ನು ಹುಡುಗಿಯ ಕೈಯಲ್ಲೇ ಇರಲಿ. ಮುಚ್ಚಿಡುವುದು ಬೇಡ."

ಆ ಸಂಜೆ ಪುಷ್ಪ ಎಂಟನೇ ಅಧ್ಯಾಯ ತೆರೆದಳು. ಮೊದಲ ವಾಕ್ಯ ಓದಿದ ಮೇಲೆ ಏನನ್ನಿಸಿತೋ, ತಾನೂ ಕಣ್ಣು ಮುಚ್ಚಿ ಅದನ್ನು ಹೇಳಲು ನೋಡಿದಳು. ನಾಲ್ಕನೇ ಪದಕ್ಕೇ ಎಲ್ಲ ಕಲಸಿಹೋಯಿತು. ಇನ್ನೊಮ್ಮೆ ಓದಿ, ಇನ್ನೊಮ್ಮೆ ಕಣ್ಣು ಮುಚ್ಚಿದಳು. ಆಗಲೂ ಆಗಲಿಲ್ಲ.

ಬಾಗಿಲ ಹತ್ತಿರ ಕೂತಿದ್ದ ಅಜ್ಜಿ ಆ ವಾಕ್ಯವನ್ನು ಪೂರ್ತಿ ಹೇಳಿ, "ಮುಂದೆ ಎಂತ ಉಂಟು ಮಗಾ?" ಎಂದಳು.

ಪುಷ್ಪ ಎದ್ದು ಅಜ್ಜಿಯ ಪಕ್ಕಕ್ಕೆ ಬಂದು ಕೂತು, ಎರಡನೇ ವಾಕ್ಯವನ್ನು ಒಂದಕ್ಷರವೂ ಬಿಡದೆ ನಿಧಾನವಾಗಿ ಓದತೊಡಗಿದಳು.