ಎರಡೂ ಕೈಯಲ್ಲಿ ಹಿಡಿ!

ಹಳೆಯ ಪುಸ್ತಕಗಳ ಬೊಂಬೆ ನೋಡುತ್ತ ಮೂವತ್ತು ವರ್ಷ ಕಾಲಹರಣ ಮಾಡಿದವಳು ಎಂದು ನೀವೂ ನನ್ನನ್ನು ಕಂಡು ನಕ್ಕಿದ್ದೀರಲ್ಲವೇ?

ನಗಿ. ಆದರೆ ಆ ಮಧ್ಯಾಹ್ನ ನನ್ನ ಗಂಟಲಿಗೂ ಚಾಕುವಿಗೂ ನಡುವೆ ಇದ್ದದ್ದು ಒಂದೇ ಗೇಣು!

"ಹಾಳೆ ಕೊಡಿ ಮೇಡಂ."

ಚಾಕು ಹಿಡಿದವನು ಹಳೆಯ ವಸ್ತುಗಳ ವ್ಯಾಪಾರಿ. ಒಂದು ಕಾಲಕ್ಕೆ ಹಳೆಯ ಗ್ರಂಥಗಳ ತರಗತಿಯಲ್ಲಿ ನನ್ನದೇ ಶಿಷ್ಯ. ನಾನು ಅವನ ಅಂಗಡಿಯ ಫ್ರೇಮಿನಿಂದ ಆಗಷ್ಟೇ ಬಿಡಿಸಿಕೊಂಡಿದ್ದು ಮಧ್ಯಯುಗದ ಪ್ರಾರ್ಥನಾ ಗ್ರಂಥದ ಒಂದು ಹಾಳೆ. ಕಾಗದವಲ್ಲ, ಬರೆಯಲು ಹದ ಮಾಡಿದ ಕರುವಿನ ಚರ್ಮ. ಅಂಚಿನಲ್ಲಿ ಚಿನ್ನದ ಬಳ್ಳಿ. ಬಳ್ಳಿಯ ನಡುವೆ ಬಿಷಪ್ಪರ ಟೋಪಿ ತೊಟ್ಟ ಕೋತಿ!

ಅದು ನಮ್ಮ ಗ್ರಂಥಾಲಯದಿಂದ ಕಾಣೆಯಾಗಿ ಹತ್ತು ದಿನವಾಗಿತ್ತು. ಓದುವ ನೆಪದಲ್ಲಿ ಬಂದು ಕತ್ತರಿಸಿದವನು ಇವನು. ಆರೋಪ ಬಿದ್ದದ್ದು ಅಟೆಂಡರ್ ಮೇಲೆ. ಬೀಗದ ಕೈ ಅವರ ಬಳಿ ಇತ್ತು, ಅಷ್ಟೇ! ಅಂದು ಸಂಜೆಯೊಳಗೆ ಹಾಳೆ ಸಿಗದಿದ್ದರೆ ಅವರು ಜೈಲಿಗೆ.

"ಇದು ಬೇರೆ ಪುಸ್ತಕದ್ದು," ಎಂದ.

"ಅದನ್ನ ಹುಳಕ್ಕೆ ಹೇಳು."

"ಏನು?"

"ನಮ್ಮ ಪುಸ್ತಕದಲ್ಲಿ ಹುಳ ಮೂರು ತೂತು ಕೊರೆದಿದೆ. ಹಿಂದಿನ ಹಾಳೇಲೂ ಅದೇ ಜಾಗ, ಮುಂದಿನ ಹಾಳೇಲೂ ಅದೇ ಜಾಗ... ಇದರಲ್ಲೂ ಅದೇ! ಹುಳಾನೇ ಸಾಕ್ಷಿ ಕಣೋ."

ಅವನ ಮುಖ ಬಿಳಿಚಿತು. ಚಾಕು ಹತ್ತಿರ ಬಂತು. ನನ್ನ ಬೆನ್ನಿಗೆ ಗೋಡೆ!

ಮೇಜಿನ ಮೇಲಿದ್ದ ಕಾಫಿ ಲೋಟವನ್ನು ಹಾಳೆಯ ಮೇಲೆ ಎತ್ತಿ ಹಿಡಿದೆ.

"ಸುರಿದುಬಿಡ್ತೀನಿ!"

ಅವನು ನಕ್ಕ. "ನಿಮ್ಮ ಕೈಲಿ ಆಗಲ್ಲ ಮೇಡಂ. ಹಳೇ ಹಾಳೆಗೆ ಶಾಯಿ ತಾಕುತ್ತೆ ಅಂತ, ಪೆನ್ನು ತಂದಿದ್ದಕ್ಕೇ ನನ್ನನ್ನ ಕ್ಲಾಸಿಂದ ಆಚೆ ಹಾಕಿದವರು ನೀವು."

ನಿಜ. ಆಗಲಿಲ್ಲ. ಲೋಟ ಕೆಳಗಿಟ್ಟೆ.

ಆದರೆ... ಪೆನ್ನಿನ ಪಾಠ ನೆನಪಿಟ್ಟವನು ಉಳಿದ ಪಾಠಗಳನ್ನು ಮರೆತಿರುತ್ತಾನೆಯೇ?

ಹಾಳೆಯನ್ನು ಗಾಳಿಗೆ ಬಿಟ್ಟೆ.

"ಎರಡೂ ಕೈ!" ಎಂದು ತರಗತಿಯ ದನಿಯಲ್ಲಿ ಗದರಿದೆ.

ಚಾಕು ಠಣ್ಣೆಂದು ನೆಲಕ್ಕೆ ಬಿತ್ತು. ಅವನು ಮಂಡಿಯೂರಿ, ಎರಡೂ ಕೈ ಚಾಚಿ, ಹಾಳೆಯನ್ನು ಹಸುಗೂಸಿನಂತೆ ಹಿಡಿದಿದ್ದ. ಚಿನ್ನಕ್ಕೆ ಒಂದು ಬೆರಳೂ ತಾಕಿರಲಿಲ್ಲ!

ಅಷ್ಟರಲ್ಲಿ ಚಾಕು ನನ್ನ ಕೈಯಲ್ಲಿತ್ತು.

"ಹತ್ತಕ್ಕೆ ಹತ್ತು," ಎಂದೆ. "ಅಲ್ಲಾಡಬೇಡ. ಪೊಲೀಸರಿಗೆ ಫೋನ್ ಮಾಡ್ತಿದ್ದೀನಿ."

"ಮೇಡಂ, ಕೈ ನೋಯ್ತಿದೆ..."

"ನೋಯಲಿ. ಬೀಳಿಸಿದರೆ ಫೇಲು."

ಹಾಳೆ ತನ್ನ ಪುಸ್ತಕ ಸೇರಿತು. ಮೂರೂ ತೂತು ಸಾಲಾಗಿ ನಿಂತವು. ಅಟೆಂಡರ್ ನಿರಪರಾಧಿ ಎಂದು ಆದೇಶವೂ ಹೊರಟಿತು. ಆದರೆ ಅವರನ್ನು ಕಳ್ಳನೆಂದ ಬಾಯಿಗಳಲ್ಲಿ ಒಂದರಿಂದಲೂ ಕ್ಷಮೆಯ ಮಾತು ಹೊರಟಿಲ್ಲ. ನಿಮ್ಮ ಬಾಯಿಂದಲೂ!

ನಾಳೆ ಬೆಳಿಗ್ಗೆ ಗ್ರಂಥಾಲಯಕ್ಕೆ ಹೋಗಿ. ಅವರ ಮುಂದೆ ನಿಂತು, ತಪ್ಪಾಯಿತು ಎನ್ನಿ.

ಮೊದಲು ಕೈ ತೊಳೆದುಕೊಳ್ಳಿ. ಬಾಗಿಲಲ್ಲಿ ಕೈ ತಪಾಸಣೆ ಮಾಡುವವರು ಅವರೇ.