ಎರ್ಸೀಲಿಯಾಳ ಗಾಡಿ ಹತ್ತಿದ ಹಗೆಯವನು

"ಹತ್ತಬೇಡ. ನನ್ನ ಗಾಡಿಗೆ ನೀನು ಹತ್ತಬೇಡ."

ಎರ್ಸೀಲಿಯಾ ಇದನ್ನು ಹೇಳಿದ್ದು ಮೆಲ್ಲಗೇ. ಆದರೂ ವ್ಯಾನಿನ ಬಾಗಿಲ ಬಳಿ ನಿಂತಿದ್ದ ಎಂಟು ಪ್ರವಾಸಿಗರಿಗೂ ಕೇಳಿಸಿತು. ಅವಳ ಭಾಷೆ ಬಾರದವರಿಗೂ ಅರ್ಥವಾಯಿತು.

ರೋಮಿನ ಆ ಚೌಕದಲ್ಲಿ ಬೆಳಗಿನ ಎಂಟು ಗಂಟೆ. ದಿನವೂ ಬರುವ ಗೈಡ್ ಕಾಲು ಉಳುಕಿಸಿಕೊಂಡಿದ್ದಾಳೆ, ಬದಲಿಗೆ ಇನ್ನೊಬ್ಬರನ್ನು ಕಳಿಸುತ್ತೇವೆ ಎಂದಷ್ಟೇ ಕಚೇರಿಯವರು ಹೇಳಿದ್ದರು. ಯಾರನ್ನು ಎಂದು ಹೇಳಿರಲಿಲ್ಲ. ಹೇಳಿದ್ದರೆ ಅವಳು ಗಾಡಿಯನ್ನೇ ಹೊರಡಿಸುತ್ತಿರಲಿಲ್ಲ.

ಎದುರಿಗೆ ನಿಂತವನು ಸೆತ್ತೀಮಿಯೊ. ಹನ್ನೆರಡು ವರ್ಷಗಳ ಹಿಂದೆ ಅವಳು ಮದುವೆಯಾಗಬೇಕಿದ್ದವನು. ಅವಳ ಅಪ್ಪನನ್ನು ಜೈಲಿಗೆ ಕಳಿಸಿದವನು.

ಕಿವಿಯ ಮೇಲೆ ಕೂದಲು ನರೆತಿತ್ತು. ಕನ್ನಡಕ ಬಂದಿತ್ತು. ಆದರೆ ತಲೆಯನ್ನು ಒಂದು ಕಡೆಗೆ ವಾಲಿಸಿ ನಿಲ್ಲುವ ಆ ಭಂಗಿ ಮಾತ್ರ ಹಾಗೇ ಇತ್ತು... ಅದನ್ನು ಕಂಡು ಅವಳ ಎದೆ ಒಂದು ಕ್ಷಣ ತಪ್ಪಿ ಬಡಿಯಿತು. ಅದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ಎಂಟು ಜನ ಕಾಯ್ತಿದ್ದಾರೆ ಎರ್ಸೀಲಿಯಾ," ಎಂದ ಅವನು. "ಇವತ್ತೊಂದು ದಿನ ಸಹಿಸ್ಕೋ. ಸಂಜೆ ಇಲ್ಲೇ ಇಳೀತೀನಿ."

"ನನ್ನ ಹೆಸರು ಹಿಡಿದು ಕರೀಬೇಡ. ಡ್ರೈವರ್ ಅಂತ ಕರಿ."

ಅವನು ತಲೆಯಾಡಿಸಿ ಹತ್ತಿ ಕುಳಿತ. ಅವಳು ಬಾಗಿಲನ್ನು ಎಳೆದುಕೊಂಡ ಸದ್ದಿಗೆ ಹಿಂದಿನ ಸೀಟಿನಲ್ಲಿದ್ದ ತೂರಿನ್ ಊರಿನ ನಿವೃತ್ತ ಟೀಚರಮ್ಮ ಬೆಚ್ಚಿಬಿದ್ದರು.

ದಾರಿಯುದ್ದಕ್ಕೂ ಅವನು ಮೈಕು ಹಿಡಿದು, ಈ ಸೀಮೆಯ ಪ್ರಾಚೀನ ಜನರಾದ ಎಟ್ರುಸ್ಕನ್ನರ ಬಗ್ಗೆ ಹೇಳುತ್ತಿದ್ದ. ರೋಮ್ ಇನ್ನೂ ಗುಡಿಸಲುಗಳ ಊರಾಗಿದ್ದ ಕಾಲಕ್ಕೇ ಇವರು ಸತ್ತವರಿಗಾಗಿ ಕಲ್ಲಿನ ಮನೆಗಳನ್ನು ಕೊರೆದರು, ಒಳಗೆ ಹಾಸಿಗೆ ದಿಂಬುಗಳನ್ನೂ ಕಲ್ಲಿನಲ್ಲೇ ಕೆತ್ತಿದರು ಎಂದ. ಎರ್ಸೀಲಿಯಾ ಬೇಕೆಂದೇ ತಿರುವುಗಳಲ್ಲಿ ಗಾಡಿಯನ್ನು ಜೋರಾಗಿ ತಿರುಗಿಸುತ್ತಿದ್ದಳು. ಪ್ರತಿ ತಿರುವಿಗೂ ಅವನ ಹೆಗಲು ಕಿಟಕಿಗೆ ಬಡಿಯುತ್ತಿತ್ತು. ಅವನು ಒಮ್ಮೆಯೂ ದೂರಲಿಲ್ಲ. ಅದೂ ಅವಳ ಸಿಟ್ಟನ್ನು ಹೆಚ್ಚಿಸಿತು.

ಮೊದಲ ನಿಲುಗಡೆಯಾದ ಚೆರ್ವೆತೆರಿಯ ಗೋರಿಗಳ ನಡುವೆ ಅವಳು ಸಾಮಾನ್ಯವಾಗಿ ಇಳಿಯುವುದಿಲ್ಲ. ಆದರೆ ಟೀಚರಮ್ಮನಿಗೆ ಮಂಡಿನೋವು. ಮೆಟ್ಟಿಲು ಇಳಿಯಲು ಕೈ ಕೊಡುತ್ತೀಯಾ ತಾಯಿ ಎಂದು ಕೇಳಿದರು. ಇಲ್ಲ ಎನ್ನಲಾಗಲಿಲ್ಲ. ಹುಲ್ಲು ಬೆಳೆದ ದುಂಡನೆಯ ದಿಬ್ಬಗಳ ನಡುವಿನ ಓಣಿಯಲ್ಲಿ ಅವರನ್ನು ನಡೆಸಿಕೊಂಡು ಬರುವಾಗ ಯಾರೋ ಒಬ್ಬರು ಸೆತ್ತೀಮಿಯೊನನ್ನು ಕೇಳುತ್ತಿದ್ದರು. ಈ ಗೋರಿಗಳೊಳಗಿನ ವಸ್ತುಗಳೆಲ್ಲ ಎಲ್ಲಿ ಹೋದವು?

ಬಹಳಷ್ಟನ್ನು ಕದ್ದು ಮಾರಿದರು ಎಂದ ಅವನು. ಆಮೇಲೆ ಸ್ವಲ್ಪ ತಡೆದು, "ಕಳ್ಳರು ಅಂತ ಸುಲಭವಾಗಿ ಅಂದುಬಿಡ್ತೀವಿ. ಅವರಲ್ಲಿ ಒಬ್ಬರನ್ನ ನಾನು ಬಲ್ಲೆ. ಉದ್ದನೆಯ ಕಬ್ಬಿಣದ ಸರಳನ್ನ ಮಣ್ಣಿಗೆ ಇಳಿಸಿ, ಬೆರಳಿಗೆ ತಾಗುವ ಕಂಪನದಿಂದಲೇ ಕೆಳಗಿರೋದು ಕಲ್ಲೋ, ಪೊಳ್ಳೋ, ಹೇಳಿಬಿಡ್ತಿದ್ರು. ನಾನು ವಿಶ್ವವಿದ್ಯಾಲಯದಲ್ಲಿ ಕಲಿತಿದ್ದಕ್ಕಿಂತ ಹೆಚ್ಚು ಅವರ ಪಕ್ಕ ನಿಂತು ಕಲಿತೆ," ಎಂದ.

ಎರ್ಸೀಲಿಯಾಳ ಕಿವಿಗಳು ಬಿಸಿಯಾದವು.

ಅಪ್ಪನ ಹೆಸರು ಅಮಿಲ್ಕಾರೆ. ತಾರ್ಕ್ವೀನಿಯಾದ ಸುತ್ತಲ ಹೊಲಗಳಲ್ಲಿ ಅವನ ಸರಳು ಇಳಿಯದ ಜಾಗವಿರಲಿಲ್ಲ. ಅವನ ಪಕ್ಕ ನಿಂತು ಕಲಿತೆ ಎಂದು ಇವನು ಇಲ್ಲಿ ಕಥೆ ಕಟ್ಟುತ್ತಿದ್ದಾನೆ... ಅಪರಿಚಿತರ ಮನರಂಜನೆಗೆ!

"ಪೂರ್ತಿ ಹೇಳಿ ಗೈಡ್ ಸಾಹೇಬ್ರೇ," ಎಂದಳು. ಎಲ್ಲರೂ ತಿರುಗಿದರು. "ಆ ಮನುಷ್ಯನ ಮನೇಲಿ ಎರಡು ವರ್ಷ ಊಟ ಮಾಡಿದ್ದನ್ನ ಹೇಳಿ. ಮಗಳನ್ನ ಕೊಡ್ತೀನಿ ಅಂತ ಅವರು ಅಂದಿದ್ದನ್ನ ಹೇಳಿ. ಆಮೇಲೆ ಒಂದು ಬೆಳಗ್ಗೆ ಪೊಲೀಸರನ್ನ ಕರ್ಕೊಂಡು ಹೋಗಿ ಹಿಡಿಸಿಕೊಟ್ಟಿದ್ದನ್ನ ಹೇಳಿ. ಅದೂ ಚರಿತ್ರೆನೇ ಅಲ್ವಾ?"

ಸೆತ್ತೀಮಿಯೊನ ಮುಖ ಬಿಳುಪೇರಿತು. ಬಳಿಕ ಮುಂದಿನ ಗೋರಿಯ ಕಡೆ ಕೈ ತೋರಿಸಿ, ತಲೆ ಬಗ್ಗಿಸಿ ಒಳಗೆ ಬನ್ನಿ, ಬಾಗಿಲು ಗಿಡ್ಡ ಎಂದು ಪ್ರವಾಸಿಗರಿಗೆ ಹೇಳಿದ.

ಅಲ್ಲಗಳೆಯಲೂ ಇಲ್ಲ. ಪುಕ್ಕಲ... ಎಂದುಕೊಂಡಳು ಅವಳು.

ಮಧ್ಯಾಹ್ನದ ಊಟ ತಾರ್ಕ್ವೀನಿಯಾದಲ್ಲಿ, ಅವಳ ಚಿಕ್ಕಮ್ಮ ನಡೆಸುವ ಹೋಟೆಲಿನಲ್ಲಿ. ಅಮಿಲ್ಕಾರೆ ದಿನವೂ ಅಲ್ಲೇ ಕೂತಿರುತ್ತಿದ್ದ. ಎರಡು ವರ್ಷ ಜೈಲಿನಲ್ಲಿದ್ದು ಬಂದ ಮೇಲೆ ಅವನಿಗೆ ಬೇರೆ ಕೆಲಸವೇನೂ ಇರಲಿಲ್ಲ. ಅವನು ಒಳಗಿದ್ದಾಗಲೇ ಹೆಂಡತಿ ತೀರಿಕೊಂಡಿದ್ದಳು. ಕೊನೆಯ ದಿನದವರೆಗೂ ಅವಳು ಸೆತ್ತೀಮಿಯೊನಿಗೆ ಹಿಡಿಶಾಪ ಹಾಕುತ್ತಿದ್ದಳು.

ಎರ್ಸೀಲಿಯಾ ದಾರಿಯಿಂದಲೇ ಚಿಕ್ಕಮ್ಮನಿಗೆ ಫೋನ್ ಮಾಡಿ, ಅಪ್ಪನನ್ನು ಮನೆಗೆ ಕಳಿಸಿಬಿಡು, ಯಾರು ಬರುತ್ತಿದ್ದಾರೆಂದು ಮಾತ್ರ ಹೇಳಬೇಡ ಎಂದಿದ್ದಳು. ಚಿಕ್ಕಮ್ಮನ ಬಾಯಲ್ಲಿ ಯಾವ ಮಾತು ತಾನೇ ನಿಂತೀತು?

ಗಾಡಿ ನಿಂತಾಗ ಮುದುಕ ಬಾಗಿಲಲ್ಲೇ ನಿಂತಿದ್ದ. ಕ್ಷೌರ ಮಾಡಿಕೊಂಡು, ಒಗೆದ ಅಂಗಿ ತೊಟ್ಟಿದ್ದ.

ಅವಳು ಓಡಿ ಅಡ್ಡ ನಿಂತಳು. ಇಲ್ಲಿ ಗಲಾಟೆ ಬೇಡ ಅಪ್ಪ ಎಂದಳು. ಅಮಿಲ್ಕಾರೆ ಅವಳನ್ನು ಮೃದುವಾಗಿ ಪಕ್ಕಕ್ಕೆ ಸರಿಸಿ ಸೆತ್ತೀಮಿಯೊನ ಎದುರು ಹೋದ. ಎರಡೂ ಕೈಗಳಿಂದ ಅವನ ಮುಖವನ್ನು ಹಿಡಿದುಕೊಂಡ.

"ಸೊರಗಿದ್ದೀಯಲ್ಲೋ," ಎಂದ.

ಎರ್ಸೀಲಿಯಾ ಕಲ್ಲಿನಂತೆ ನಿಂತಳು.

ಹನ್ನೆರಡು ವರ್ಷಗಳಲ್ಲಿ ಅಪ್ಪ ಒಮ್ಮೆಯಾದರೂ ಇವನನ್ನು ಬೈದಿದ್ದಾನೆಯೇ? ತಾನು ಬೈದಿದ್ದಳು, ಅಮ್ಮ ಬೈದಿದ್ದಳು, ಊರೇ ಬೈದಿತ್ತು. ಅಪ್ಪ ಮಾತ್ರ ಆ ಹೆಸರು ಬಂದಾಗಲೆಲ್ಲ ಊಟ ಬಿಟ್ಟು ಏಳುತ್ತಿದ್ದ. ಅದನ್ನು ಅವಳು ದ್ವೇಷವೆಂದೇ ತಿಳಿದಿದ್ದಳು...

ಪ್ರವಾಸಿಗರು ಸೂಪಿಗೆ ರೊಟ್ಟಿ ಅದ್ದುತ್ತಿದ್ದಾಗ ಅವಳು ಅಪ್ಪನನ್ನು ಹಿತ್ತಲಿಗೆ ಎಳೆದೊಯ್ದಳು. ಹೇಳು ಎಂದಳು. ಅಲ್ಲಿ ಬುಟ್ಟಿ ತುಂಬ ಅವರೆಯಂಥ ದಪ್ಪ ಕಾಳಿನ ಕಾಯಿಗಳಿದ್ದವು. ಮುದುಕ ಕೂತು ಸುಲಿಯತೊಡಗಿದ. ಅವಳ ಮುಖ ನೋಡದೆ ಹೇಳಿದ.

ಆ ವಸಂತದಲ್ಲಿ ಅವನೂ ಇನ್ನಿಬ್ಬರೂ ಸೇರಿ ಒಂದು ಚಿತ್ರಗೋರಿಯನ್ನು ಪತ್ತೆ ಮಾಡಿದ್ದರು. ಗೋಡೆಯ ಮೇಲೆ ಗಂಡ ಹೆಂಡತಿ ಒಂದೇ ಮಂಚದ ಮೇಲೆ ಒರಗಿ ಊಟ ಮಾಡುವ ಚಿತ್ರ. ಬಣ್ಣ ನಿನ್ನೆ ಬಳಿದಂತಿತ್ತು. ಮಡಕೆ ಕುಡಿಕೆಗಳಾದರೆ ಸರಿ, ಅವನು ಜೀವನವಿಡೀ ಮಾರಿದವನೇ. ಆದರೆ ಜೊತೆಗಾರರು ಗರಗಸ ತಂದು ಗೋಡೆಯನ್ನೇ ಕೊಯ್ಯಲು ಶುರು ಮಾಡಿದರು. ಆ ಹೆಂಗಸಿನ ಮುಖ ಅರ್ಧಕ್ಕೆ ಸೀಳಿ ಪುಡಿಯಾಗಿ ಬಿತ್ತು.

"ನನ್ನ ಕೈಲಿ ನೋಡೋಕಾಗ್ಲಿಲ್ಲ ಮಗಳೇ. ಮಾರನೇ ದಿನ ನಾನೇ ಈ ಹುಡುಗ ಸೆತ್ತೀಮಿಯೊನ ಹತ್ರ ಹೋದೆ. ಪೊಲೀಸರಿಗೆ ಹೇಳು, ಮೂವರೂ ಅಲ್ಲಿರ್ತೀವಿ, ಮೂವರನ್ನೂ ಹಿಡೀಲಿ ಅಂದೆ. ಅವನು ಒಪ್ಪಲಿಲ್ಲ. ನಾನೇ ಕಾಲು ಹಿಡಿದು ಒಪ್ಪಿಸಿದೆ. ಹೇಳಿದ್ದು ನಾನು ಅಂತ ಗೊತ್ತಾಗಿದ್ರೆ ಆ ಇಬ್ಬರಲ್ಲಿ ಒಬ್ಬ, ರೆನ್ಸೊ ಇದ್ನಲ್ಲ, ನೀನೂ ನಿಮ್ಮಮ್ಮನೂ ಮಲಗಿದ್ದ ಹಾಗೇ ಮನೆಗೆ ಬೆಂಕಿ ಇಡ್ತಿದ್ದ. ಹುಡುಗ ರೋಮಿಗೆ ಹೊರಟು ಹೋಗೋನು, ಅವನಿಗೇನೂ ಆಗಲ್ಲ ಅಂದ್ಕೊಂಡೆ. ಯಾರಿಗೂ ಹೇಳಲ್ಲ ಅಂತ ಮಾತು ತಗೊಂಡೆ."

"ನನಗೂ ಹೇಳಬಾರದು ಅಂತ?"

"ನಿನಗೇ ಮೊದಲು ಹೇಳಬಾರದು ಅಂತ. ನೀನು ನಿಮ್ಮಮ್ಮನಿಗೆ ಹೇಳ್ತಿದ್ದೆ, ಅವಳು ಬಾವಿಕಟ್ಟೆಗೆ ಹೇಳ್ತಿದ್ದಳು."

"ಇನ್ನೊಬ್ಬ ಊರು ಬಿಟ್ಟು ಎಷ್ಟೋ ವರ್ಷ ಆಯ್ತು. ರೆನ್ಸೊ ಸತ್ತು ಒಂದೂವರೆ ವರ್ಷ ಆಯ್ತು ಅಪ್ಪ. ಆಮೇಲೆ ಯಾರಿಗೆ ಹೆದರಿದೆ?"

ಅಮಿಲ್ಕಾರೆಯ ಬೆರಳುಗಳು ನಿಂತವು.

"ನಿನಗೆ," ಎಂದ.

ಅವಳು ಆ ಬುಟ್ಟಿಯನ್ನು ಒದ್ದಳು. ಕಾಳುಗಳು ಹಿತ್ತಲ ತುಂಬ ಚೆಲ್ಲಿದವು. ಮುದುಕ ಬಗ್ಗಿ ಒಂದೊಂದನ್ನೇ ಆರಿಸತೊಡಗಿದ. ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದವಳು ಕಡೆಗೆ ತಾನೂ ಮಂಡಿಯೂರಿ ಆರಿಸಿದಳು.

ಊಟದ ಮೇಲೆ ತಾರ್ಕ್ವೀನಿಯಾದ ಚಿತ್ರಗೋರಿಗಳಲ್ಲೂ ಟೀಚರಮ್ಮನಿಗೆ ಅವಳ ಕೈ ಬೇಕಾಯಿತು. ಕಡಿದಾದ ಮೆಟ್ಟಿಲುಗಳ ತಳದಲ್ಲಿ ಗಾಜಿನ ಆಚೆ ದೀಪ ಹತ್ತಿದಾಗ, ಸೆತ್ತೀಮಿಯೊ ಶತಮಾನವನ್ನೇ ತಪ್ಪು ಹೇಳಿದ. ಟೀಚರಮ್ಮ ತಿದ್ದಿದರು. ಅವನು ಕ್ಷಮೆ ಕೇಳಿ, ಮತ್ತೆ ಇನ್ನೊಂದನ್ನು ತಪ್ಪು ಹೇಳಿದ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಇದನ್ನೆಲ್ಲ ಒಪ್ಪಿಸಬಲ್ಲವನು!

ಎರ್ಸೀಲಿಯಾಳಿಗೆ ಅಳು ಬರಲಿಲ್ಲ. ಇನ್ನೂ ಹೆಚ್ಚು ಸಿಟ್ಟು ಬಂತು. ಇಬ್ಬರು ಗಂಡಸರು ಒಂದು ಮಧ್ಯಾಹ್ನ ಕೂತು ತನ್ನ ಹನ್ನೆರಡು ವರ್ಷಗಳನ್ನು ತೀರ್ಮಾನಿಸಿಬಿಟ್ಟರಲ್ಲ... ತನ್ನನ್ನು ಒಂದು ಮಾತು ಕೇಳದೆ!

ಸಂಜೆ ಏಳಕ್ಕೆ ರೋಮಿನ ಅದೇ ಚೌಕ. ಪ್ರವಾಸಿಗರು ಇಳಿದರು. ಟೀಚರಮ್ಮ ಕೊನೆಯಲ್ಲಿ ಇಳಿಯುತ್ತಾ ಇಬ್ಬರನ್ನೂ ಒಮ್ಮೆ ನೋಡಿ, ಪರೀಕ್ಷೆಯಲ್ಲಿ ನಪಾಸಾದ ಮಕ್ಕಳಿಗೆ ಹೇಳುವಂತೆ, ಕೂತು ಮಾತಾಡಿ ಎಂದಷ್ಟೇ ಹೇಳಿ ಹೋದರು.

ಸೆತ್ತೀಮಿಯೊ ಕಾಲುದಾರಿಯ ಮೇಲೆ ನಿಂತ. ಅವಳು ಕಿಟಕಿ ಇಳಿಸಿದಳು.

"ಬದಲಿ ಗೈಡ್ ಆಗಿ ಬಂದಿದ್ದು ಆಕಸ್ಮಿಕನಾ?"

ಅಲ್ಲ ಎಂದ ಅವನು. ರೆನ್ಸೊ ಸತ್ತ ಸುದ್ದಿ ಹೋದ ವಾರವಷ್ಟೇ ತಿಳಿಯಿತು, ಕೊಟ್ಟ ಮಾತಿನಿಂದ ಬಿಡಿಸು ಎಂದು ನಿನ್ನಪ್ಪನನ್ನು ಕೇಳಲು ಹೊರಟಿದ್ದೆ, ಅಷ್ಟರಲ್ಲಿ ಕಚೇರಿಯವರು ಇನ್ನೊಬ್ಬ ಗೈಡ್ ಹುಡುಕುತ್ತಿದ್ದಾರೆಂದು ಕೇಳಿ ನಾನೇ ಮುಂದೆ ಬಿದ್ದೆ ಎಂದ.

"ಹನ್ನೆರಡು ವರ್ಷ," ಎಂದಳು ಅವಳು. "ಒಂದು ಕಾಗದ ಬರೀಬೇಕು ಅನ್ನಿಸಲಿಲ್ವಾ ನಿಂಗೆ? ಮಾತು ಕೊಟ್ಟೆ, ಮಾತು ಕೊಟ್ಟೆ ಅಂತ ದೊಡ್ಡ ಮನುಷ್ಯ ಆಗೋಕೆ ನೋಡ್ಬೇಡ. ನನ್ನ ಬದುಕನ್ನ ಯಾರ ಕೈಗೆ ಕೊಟ್ಟೆ ನೀನು?"

"ದೊಡ್ಡ ಮನುಷ್ಯ ಅಲ್ಲ." ಅವನ ದನಿಯಲ್ಲಿ ಮೊದಲ ಬಾರಿಗೆ ಬಿಸಿಯಿತ್ತು. "ಮೊದಲ ಎರಡು ಮೂರು ವರ್ಷ ಮಾತಿಗೋಸ್ಕರ ಸುಮ್ನಿದ್ದೆ. ಆಮೇಲೆ ಸಿಟ್ಟಿಗೆ ಸುಮ್ನಿದ್ದೆ. ನಿನ್ನ ಮೇಲಿನ ಸಿಟ್ಟಿಗೆ."

"ನನ್ನ ಮೇಲಾ?"

"ಊರೆಲ್ಲ ನಂಬ್ತು, ಅದು ಬಿಡು. ನೀನು ನಂಬಿದೆ. ಬಂದು ಕೆನ್ನೆಗೆ ಹೊಡೆದೆ, ಉಂಗುರ ಎಸೆದೆ. 'ಹಿಡಿಸಿಕೊಟ್ಟಿದ್ದು ನೀನಾ?' ಅಂತ ಒಂದು ಸಲ ಕೇಳಲಿಲ್ಲ."

"ಕೇಳಿದ್ರೆ ನಿಜ ಹೇಳ್ತಿದ್ದೆಯಾ?"

"ಇಲ್ಲ," ಎಂದ. "ಆದ್ರೆ ಕೇಳಿದ್ಲು ಅಂತ ಇರ್ತಿತ್ತು ನನ್ನ ಹತ್ರ. ಅಷ್ಟಿದ್ದಿದ್ರೆ ಸಾಕಾಗಿತ್ತು."

ಅವಳು ಸ್ಟಿಯರಿಂಗ್ ಮೇಲೆ ಹಣೆಯಿಟ್ಟಳು. ಆ ದಿನ ನೆನಪಾಯಿತು. ಅವನ ಮುಖ ಏನನ್ನೋ ಕಾಯುತ್ತಿದ್ದಂತೆ ಇತ್ತು, ಕೆನ್ನೆ ಕೆಂಪಾದ ಮೇಲೂ ಕಾಯುತ್ತಲೇ ಇತ್ತು... ತಾನು ಬೆನ್ನು ತಿರುಗಿಸಿ ನಡೆದಿದ್ದಳು. ಅವಳಿಗೆ ಈಗ ಅಳು ಬಂತು. ತಡೆಯಲು ಹೋಗಲಿಲ್ಲ. ಅವನು ಕಿಟಕಿಯ ಅಂಚಿನ ಮೇಲೆ ಕೈಯಿಟ್ಟ, ಅವಳನ್ನು ಮುಟ್ಟಲಿಲ್ಲ.

ಕಡೆಗೆ ಅವಳು ತಲೆಯೆತ್ತಿದಳು. ತೋಳಿನಿಂದ ಮೂಗು ಒರೆಸಿಕೊಂಡಳು.

"ಸೆತ್ತೀಮಿಯೊ," ಎಂದಳು. "ನಮ್ಮಪ್ಪನ್ನ ಹಿಡಿಸಿಕೊಟ್ಟಿದ್ದು ನೀನಾ?"

ಅವನು ಕನ್ನಡಕ ತೆಗೆದ.

"ಇಲ್ಲ, ಎರ್ಸೀಲಿಯಾ. ಪೊಲೀಸರ ಹತ್ರ ಹೋದೆ, ಆದ್ರೆ ಹಿಡಿಸಿಕೊಟ್ಟಿದ್ದು ನಾನಲ್ಲ."

"ನಂಬ್ತೀನಿ."

ಹಿಂದೆ ಬಂದು ನಿಂತಿದ್ದ ಬಸ್ಸು ಹಾರ್ನ್ ಒತ್ತತೊಡಗಿತು. ಅವಳು ಕೈ ಚಾಚಿ ಪಕ್ಕದ ಬಾಗಿಲನ್ನು ತೆರೆದಳು.

"ಕೂತ್ಕೋ. ನಂಗಿನ್ನೂ ಸಿಟ್ಟಿದೆ. ನಮ್ಮೂರು ಮುಟ್ಟೋ ತನಕ ಬೈತೀನಿ."

"ಒಂದೂವರೆ ಗಂಟೆ ದಾರಿ," ಎಂದ ಅವನು ಹತ್ತುತ್ತಾ.

"ಸಾಲಲ್ಲ ಅಂದ್ರೆ ನಾಳೆನೂ ಬೈತೀನಿ."

"ನಾಡಿದ್ದು?"

ಅವಳು ಗೇರು ಹಾಕಿದಳು. ಎಡಗೈ ಸ್ಟಿಯರಿಂಗ್ ಮೇಲಿತ್ತು. ಗೇರಿನ ಮೇಲಿದ್ದ ಬಲಗೈಯ ಮೇಲೆ ಅವನ ಕೈ ಬಂದು ಕೂತಾಗ ಅವಳು ಅದನ್ನು ಸರಿಸಲಿಲ್ಲ.

"ನಾಡಿದ್ದು ನೀನು ಬೈಯಿ," ಎಂದಳು. "ನಾನು ಕೇಳಿಸ್ಕೋತೀನಿ."